ಲೆಕ್ಕಕ್ಕೆ ಬಾರದ ಪಕ್ಕೆಲುಬು

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನನಗೆ ಪಿರಿಯಾಪಟ್ಟಣದ ಸರ್ಕಾರಿ ಆಸ್ಪತ್ರೆಗೆ ವರ್ಗವಾಯಿತು. ಮೂಳೆ ವೈದ್ಯೆಯಾಗಿ ಅದೇ ನನ್ನ ಕೊನೆಯ ಪೋಸ್ಟಿಂಗ್. ಅದಕ್ಕೆ ಮೊದಲು ಎಚ್.ಡಿ. ಕೋಟೆಯಲ್ಲಿಯೂ ಕೆ.ಆರ್. ನಗರದಲ್ಲಿಯೂ ಕೆಲಸ ಮಾಡಿದ್ದೆ. ಊರು ಬದಲಾದಂತೆ ಮೂಳೆ ಮುರಿಯುವ ಕಾರಣವೂ ಬದಲಾಗುತ್ತದೆ ಎಂಬುದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಕೆ.ಆರ್. ನಗರದಲ್ಲಿ ನಾಟಿಯ ಕಾಲಕ್ಕೆ ಗದ್ದೆಯ ಬದುವಿನ ಮೇಲೆ ಜಾರಿದವರು ಬರುತ್ತಿದ್ದರು. ಕೋಟೆಯಲ್ಲಿ ಆನೆ ಕಂಡು ಓಡುವಾಗ ಬಿದ್ದವರು. ಪಿರಿಯಾಪಟ್ಟಣದಲ್ಲಿ ನಾನು ಡ್ಯೂಟಿಗೆ ಸೇರುವ ಹೊತ್ತಿಗೆ ಹೊಗೆಸೊಪ್ಪು ಬೇಯಿಸುವ ಕಾಲ ಶುರುವಾಗಿತ್ತು. ಹೊಲದಿಂದ ಮುರಿದು ತಂದ ಹಸಿ ಎಲೆಯನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟಿ, ಎತ್ತರದ ಕಟ್ಟಡವೊಂದರ ಒಳಗೆ ಅಡ್ಡಮರಗಳ ಮೇಲೆ ಸಾಲುಸಾಲಾಗಿ ನೇತುಹಾಕಿ, ಕೆಳಗಿನಿಂದ ಶಾಖ ಕೊಡುತ್ತಾರೆ. ಆ ಕಟ್ಟಡಕ್ಕೆ ಅಲ್ಲಿಯವರು ಬ್ಯಾರನ್ ಎನ್ನುತ್ತಾರೆ. ಕಡ್ಡಿ ನೇತುಹಾಕುವವನು ಅಡ್ಡಮರಗಳ ಮೇಲೆ ಕಾಲು ಅಗಲಿಸಿ ನಿಂತು, ಸೂರಿನ ತನಕ ಹತ್ತಬೇಕು.

ಆ ಕೆಲಸದಲ್ಲಿ ಹೆಸರಾದವರು ರಾವಂದೂರಿನ ಪಕ್ಕದ ಹಳ್ಳಿಯ ಸಿದ್ದೇಗೌಡರು. ವಯಸ್ಸು ಅರವತ್ತೆರಡು. ಎಡಗೈ ಮಣಿಕಟ್ಟು ಊದಿಸಿಕೊಂಡು, ಟವೆಲಿನಲ್ಲಿ ಕೈಯನ್ನು ಕತ್ತಿಗೆ ತೂಗುಹಾಕಿಕೊಂಡು ಹೆಂಡತಿಯ ಜೊತೆ ಬಂದಿದ್ದರು. ಬಿದ್ದದ್ದು ಬ್ಯಾರನ್ನಿನಿಂದಲ್ಲ. ಅಂಗಳದಲ್ಲಿ ಹಸುವಿನ ಹಗ್ಗ ಕಾಲಿಗೆ ತೊಡರಿ, ನಿಂತ ನಿಲುವಿನಲ್ಲೇ ಕುಸಿದು ಕೈ ಊರಿದ್ದರು, ಅಷ್ಟೇ.

ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಮೂಳೆ ಮುರಿದದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ನನ್ನ ಕಣ್ಣು ನಿಂತದ್ದು ಮುರಿದ ಜಾಗದ ಮೇಲಲ್ಲ, ಅದರ ಸುತ್ತ ಇದ್ದ ಮೂಳೆಯ ಮೇಲೆ. ಗಟ್ಟಿ ಮೂಳೆಯ ಅಂಚು ಎಕ್ಸ್‌ರೇಯಲ್ಲಿ ದಪ್ಪ ಬಿಳಿ ಗೆರೆಯಾಗಿ ಕಾಣಬೇಕು. ಇವರದು ಪೆನ್ಸಿಲಿನಲ್ಲಿ ಎಳೆದ ಹಾಗೆ ತೆಳ್ಳಗಿತ್ತು. ಜೀವಮಾನವೆಲ್ಲ ಮೈಬಗ್ಗಿಸಿ ದುಡಿದ ಗಂಡಸಿನ ಕೈ ಇಷ್ಟು ಸಣ್ಣ ಪೆಟ್ಟಿಗೆ ಮುರಿಯಬಾರದು.

ಕೈ ಎಳೆದು ಕೂಡಿಸಿ ಸಿಮೆಂಟ್ ಪಟ್ಟಿ ಹಾಕಿದ ಮೇಲೆ ಕೇಳಿದೆ: "ಇದಕ್ಕೆ ಮುಂಚೆ ಯಾವತ್ತಾದರೂ ಮೂಳೆ ಮುರಿದಿತ್ತಾ ಗೌಡ್ರೇ?"

"ಎಲ್ಲಿ ಮುರೀತದೆ ಡಾಕ್ಟ್ರಮ್ಮ? ಕಬ್ಬಿಣ ಕಣ್ರೀ ಈ ಮೈ. ಇದೇ ಮೊದ್ಲು."

ಪಕ್ಕದಲ್ಲಿ ನಿಂತಿದ್ದ ಹೆಂಡತಿ ಜಯಮ್ಮ ಸೆರಗು ಸರಿಮಾಡಿಕೊಂಡು ಹೇಳಿದರು: "ಅಂಗಾದ್ರೆ ಪಕ್ಕೆಲುಬು ಮುರ್ಕಂಡು ಒಂದು ತಿಂಗ್ಳು ಮಲಗಿದ್ದು ಯಾರು? ನಾನಾ?"

"ಪಕ್ಕೆಲುಬೂ ಒಂದು ಮೂಳೇನಾ? ಅದಕ್ಕೆ ಸಿಮೆಂಟ್ ಪಟ್ಟಿ ಆಕಿದ್ರಾ? ಸುಮ್ಕಿರು."

ಇದು ಸಿದ್ದೇಗೌಡರ ಕಾನೂನು. ಪಟ್ಟಿ ಹಾಕಿದರೆ ಮಾತ್ರ ಮೂಳೆ ಮುರಿದಂತೆ. ಜಯಮ್ಮನನ್ನು ಕೂರಿಸಿ ನಿಧಾನವಾಗಿ ಕೇಳಿದಾಗ ಒಂದೊಂದೇ ಹೊರಗೆ ಬಂತು. ಎರಡು ವರ್ಷದ ಹಿಂದೆ ಜೋರಾಗಿ ಕೆಮ್ಮುವಾಗ ಪಕ್ಕೆಯಲ್ಲಿ ಲಟಕ್ ಎಂದಿತ್ತು. ಮೈಸೂರಿನಲ್ಲಿ ತೋರಿಸಿದಾಗ ಪಕ್ಕೆಲುಬು ಬಿರುಕು ಬಿಟ್ಟಿದೆ ಎಂದಿದ್ದರು. ಗೌಡರು ಅದಕ್ಕೆ ಹಿಂದಿನ ದಿನ ಎತ್ತಿದ ಗೊಬ್ಬರದ ಮೂಟೆ ಕಾರಣ ಎಂದು ತೀರ್ಮಾನಿಸಿದರು. ಕಳೆದ ಸಂಕ್ರಾಂತಿಗೆ ಗೊಬ್ಬರ ತುಂಬಿದ ಮಂಕರಿ ಬುಟ್ಟಿ ಎತ್ತುವಾಗ ಬೆನ್ನು ಹಿಡಿದುಕೊಂಡು, ವಾರಗಟ್ಟಲೆ ಎದ್ದು ಕೂರಲು ಆಗಿರಲಿಲ್ಲ. ಎಣ್ಣೆ ತಿಕ್ಕಿಸಿಕೊಂಡರು. ಅದು ಉಳುಕು ಎಂದರು.

"ಇನ್ನೊಂದು ಏಳ್ತೀನಿ, ನಗಬ್ಯಾಡಿ," ಎಂದರು ಜಯಮ್ಮ. "ಇವ್ರು ಪಂಚೆ ಉಟ್ರೆ ಈಗ ನೆಲ ಗುಡಿಸ್ತದೆ. ಅಂಗಡಿಯೋನು ಉದ್ದ ಪಂಚೆ ಕೊಡ್ತಾವ್ನೆ ಅಂತ ನಾನು ಅವನ್ನ ಬೈಕಂಡು ಬಂದಿದ್ದೆ."

ನಾನು ನಗಲಿಲ್ಲ. ಬೆನ್ನಿನ ಎಕ್ಸ್‌ರೇ ತೆಗೆಸಿದೆ. ಬೆನ್ನುಮೂಳೆ ಚೌಕದ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಇರಬೇಕು. ಗೌಡರ ಸೊಂಟದ ಮೇಲ್ಭಾಗದಲ್ಲಿ ಎರಡು ಇಟ್ಟಿಗೆಗಳು ಮುಂಭಾಗದಲ್ಲಿ ಕುಸಿದು ಬೆಣೆಯ ಆಕಾರಕ್ಕೆ ಬಂದಿದ್ದವು. ಪಂಚೆ ಉದ್ದವಾಗಿರಲಿಲ್ಲ, ಗೌಡರೇ ಗಿಡ್ಡವಾಗಿದ್ದರು.

ಮೂಳೆ ಸವೆತ ಎಂದರೆ ಹೆಂಗಸರ ಕಾಯಿಲೆ ಎಂಬ ಭಾವನೆ ಎಲ್ಲರಲ್ಲಿದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಅದು ಹೆಚ್ಚು ಎನ್ನುವುದು ನಿಜ. ಗಂಡಸರಿಗೆ ಬಂದಾಗ ಸಾಮಾನ್ಯವಾಗಿ ಬೇರೆ ಏನಾದರೂ ಕಾರಣವಿದೆಯೇ ಎಂದು ಹುಡುಕಬೇಕು. ಏನಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದೆ. "ಉಬ್ಬಸಕ್ಕೆ ಒಂದು ಸಣ್ಣ ಮಾತ್ರೆ, ಅಷ್ಟೇ," ಎಂದರು. ಸೊಪ್ಪಿನ ಧೂಳು, ಒಲೆಯ ಹೊಗೆ ಕುಡಿದು ಬಂದ ಉಬ್ಬಸ. ಎಷ್ಟೋ ವರ್ಷದ ಹಿಂದೆ ಯಾರೋ ವೈದ್ಯರು ಕೆಲವು ದಿನಕ್ಕೆಂದು ಬರೆದುಕೊಟ್ಟಿದ್ದ ಮಾತ್ರೆ ಅದು. ಉಸಿರು ಸಲೀಸಾಯಿತೆಂದು, ಔಷಧಿ ಅಂಗಡಿಯಲ್ಲಿ ಮಾತ್ರೆಯ ಖಾಲಿ ಸ್ಟ್ರಿಪ್ ತೋರಿಸಿ ಕೊಳ್ಳುತ್ತಾ ಬಂದಿದ್ದರು. ಮೊದಮೊದಲು ಸೊಪ್ಪಿನ ಕಾಲದಲ್ಲಿ ಮಾತ್ರ, ಆಮೇಲೆ ದಿನವೂ. ಜಯಮ್ಮ ಚೀಲದಿಂದ ತೆಗೆದು ತೋರಿಸಿದರು. ಸ್ಟೀರಾಯ್ಡ್. ಉಸಿರನ್ನು ಸಲೀಸು ಮಾಡುವ ಒಳ್ಳೆಯ ಔಷಧಿಯೇ ಹೌದು. ಆದರೆ ಕೇಳುವವರಿಲ್ಲದೆ ವರ್ಷಗಟ್ಟಲೆ ನುಂಗಿದರೆ ಮೂಳೆಯನ್ನು ಒಳಗಿನಿಂದ ಟೊಳ್ಳು ಮಾಡುತ್ತದೆ.

ಒಂದು ಮಾತನ್ನು ಎರಡೆರಡು ಸಲ ಹೇಳಿ ಕಳಿಸಿದೆ. ಈ ಮಾತ್ರೆಯನ್ನು ನೀವಾಗಿಯೇ ಏಕಾಏಕಿ ನಿಲ್ಲಿಸಬಾರದು, ಮೈ ಅದಕ್ಕೆ ಒಗ್ಗಿಹೋಗಿದೆ, ನಮ್ಮ ಫಿಜಿಷಿಯನ್ ಹಂತಹಂತವಾಗಿ ಇಳಿಸಿ ಅದರ ಬದಲು ಇನ್‌ಹೇಲರ್ ಕೊಡುತ್ತಾರೆ ಎಂದೆ. ಗೌಡರು ಒಪ್ಪಿದರು. ಮೂಳೆಯ ಸಾಂದ್ರತೆ ಅಳೆಯುವ ಸ್ಕ್ಯಾನಿಗೆ ಮೈಸೂರಿಗೆ ಹೋಗಲೂ ಒಪ್ಪಿದರು. ಬ್ಯಾರನ್ ಹತ್ತಬಾರದು ಎಂದಾಗ ಮಾತ್ರ ಕಿಟಕಿಯ ಕಡೆ ನೋಡಿದರು.

ಎರಡು ವಾರ ಕಳೆದು ಒಂದು ಭಾನುವಾರ ರಾವಂದೂರಿನಲ್ಲಿ ಸಹೋದ್ಯೋಗಿಯೊಬ್ಬರ ಗೃಹಪ್ರವೇಶವಿತ್ತು. ಊಟ ಮುಗಿಸಿ ಬರುವಾಗ ರಸ್ತೆ ಬದಿಯಲ್ಲೇ ಸಿದ್ದೇಗೌಡರ ಬ್ಯಾರನ್ ಕಂಡಿತು. ಬಾಗಿಲಲ್ಲಿ ಜಯಮ್ಮ ಸೊಪ್ಪು ಕಟ್ಟಿದ ಕಡ್ಡಿ ಹಿಡಿದು ನಿಂತಿದ್ದರು. ಕಾರು ನಿಲ್ಲಿಸಿ ಇಳಿದೆ. ನನ್ನನ್ನು ಕಂಡವರೇ ಅವರು ಬಾಯಿಯ ಮೇಲೆ ಬೆರಳಿಟ್ಟು, ಮೇಲೆ ನೋಡಿ ಎಂದು ಕಣ್ಣಲ್ಲೇ ತೋರಿಸಿದರು.

ಒಳಗೆ ಮಬ್ಬು ಬೆಳಕು, ಹಸಿ ಸೊಪ್ಪಿನ ಘಾಟು. ನಡುವಿನ ಸಾಲಿನಲ್ಲಿ ನೆರೆಮನೆಯ ಮಾದೇವ ನಿಂತು ಜಯಮ್ಮ ಕೊಟ್ಟ ಕಡ್ಡಿಯನ್ನು ಮೇಲಕ್ಕೆ ದಾಟಿಸುತ್ತಿದ್ದ. ಅವನಿಗಿಂತ ಮೇಲೆ, ಸೂರಿನ ಹತ್ತಿರ, ಎರಡು ಅಡ್ಡಮರಗಳ ಮೇಲೆ ಒಂದೊಂದು ಕಾಲಿಟ್ಟು ಸಿದ್ದೇಗೌಡರು ನಿಂತಿದ್ದರು. ಬಲಗೈಯಲ್ಲಿ ಕಡ್ಡಿ ತೆಗೆದುಕೊಂಡು, ಪಟ್ಟಿ ಹಾಕಿದ ಎಡಗೈಯನ್ನು ಕೊಕ್ಕೆಯ ಹಾಗೆ ಮರಕ್ಕೆ ಸಿಕ್ಕಿಸಿ ಮೈಯ ಭಾರ ಹಿಡಿದಿದ್ದರು.

ಕೂಗಿದರೆ ಬೆಚ್ಚಿ ಬಿದ್ದಾರು ಎಂದು ನಾನು ಸುಮ್ಮನೆ ಬಾಗಿಲಲ್ಲಿ ನಿಂತೆ. ಜಯಮ್ಮನೂ ಏನೂ ಆಗದವರಂತೆ ಕಡ್ಡಿ ಕೊಡುತ್ತಲೇ ಇದ್ದರು. ಆ ಸಾಲು ತುಂಬಿ, ಗೌಡರು ಒಂದೊಂದೇ ಮರ ಇಳಿದು ನೆಲಕ್ಕೆ ಕಾಲಿಟ್ಟಾಗ ನಾನೂ ಜಯಮ್ಮನೂ ಒಟ್ಟಿಗೆ ಉಸಿರು ಬಿಟ್ಟೆವು.

ಗೌಡರು ನನ್ನನ್ನು ನೋಡಿ ಗಾಬರಿಯಾದರೂ ತೋರಗೊಡಲಿಲ್ಲ. ಕೈ ಮುಂದೆ ಚಾಚಿದರು. "ನೋಡಿ ಡಾಕ್ಟ್ರಮ್ಮ, ನೀವೇಳ್ದಂಗೆ ಪಟ್ಟಿ ಒದ್ದೆ ಆಗ್ದಂಗೆ ಕವರ್ ಕಟ್ಟಿವ್ನಿ."

ಪ್ಲಾಸ್ಟಿಕ್ ಕವರಿನ ಮೇಲೆ ಸೊಪ್ಪಿನ ಅಂಟು ಕಪ್ಪಗೆ ಮೆತ್ತಿಕೊಂಡಿತ್ತು. ನನಗೆ ಸಿಟ್ಟು ಬಂದಿತ್ತು, ಆದರೆ ಆ ಮುಖ ನೋಡಿ ಬೈಯಲಾಗಲಿಲ್ಲ.

"ಗೌಡ್ರೇ, ಈ ಕೈ ಕೂಡಿಕೊಳ್ಳುತ್ತೆ. ಇದರ ಚಿಂತೆ ನನಗಿಲ್ಲ. ನನಗೆ ಭಯ ಇರೋದು ಇನ್ನೂ ಮುರಿಯದೇ ಇರೋ ಮೂಳೆಗೆ," ಎಂದು ಅವರ ಸೊಂಟದ ಕಡೆ ಕೈ ತೋರಿಸಿದೆ. "ಪಕ್ಕೆಲುಬು, ಬೆನ್ನು, ಮಣಿಕಟ್ಟು, ಮೂರಕ್ಕೂ ನೀವು ಮೂರು ಕಾರಣ ಹೇಳಿದ್ರಿ. ಕಾರಣ ಒಂದೇ, ಮೂಳೆ ಟೊಳ್ಳಾಗಿರೋದು. ಹೀಗೆ ಸುಲಭಕ್ಕೆ ಒಂದು ಮೂಳೆ ಮುರೀತು ಅಂದ್ರೆ ಇನ್ನೊಂದು ಮುರಿಯೋ ಸಾಧ್ಯತೆ ಜಾಸ್ತಿ. ಅದರಲ್ಲೂ ಮೊದಲ ಒಂದೆರಡು ವರ್ಷ. ಸೊಂಟದ ಮೂಳೆ ಮುರಿದರೆ ಬ್ಯಾರನ್ ಹತ್ತೋದಿರಲಿ, ಬಚ್ಚಲಿಗೆ ಹೋಗೋಕೂ ಇನ್ನೊಬ್ಬರು ಬೇಕು."

ಗೌಡರು ಕವರಿನ ಮೇಲಿನ ಅಂಟನ್ನು ಉಗುರಿನಿಂದ ಕೆರೆದರು. ಆಮೇಲೆ ಸಣ್ಣ ದನಿಯಲ್ಲಿ, "ಕೆಳಗಡೆ ನಿಂತ್ಕಂಡು ಕಡ್ಡಿ ಎತ್ತಿಕೊಡೋದು ಎಂಗಸ್ರ ಕೆಲ್ಸ ಕಣ್ರೀ. ಊರೋರು ಏನಂದಾರು?" ಎಂದರು.

ಜಯಮ್ಮ ಕೈಯಲ್ಲಿದ್ದ ಕಡ್ಡಿಯನ್ನು ಗೋಡೆಗೆ ಒರಗಿಸಿದರು. "ಮದ್ವೆಯಾದಾಗಿಂದ ಕೆಳಗಿಂದ ಎತ್ತಿಕೊಟ್ಟಿವ್ನಿ. ನಾನು ಕೊಡ್ದೇ ಇದ್ದಿದ್ರೆ ನೀವು ಮ್ಯಾಗೆ ನಿಂತ್ಕಂಡು ಏನ್ ನೇತಾಕ್ತಿದ್ರಿ?"

ಒಳಗಿನಿಂದ ಮಾದೇವ ನಕ್ಕದ್ದು ಕೇಳಿಸಿತು. ಗೌಡರು ನಗಲಿಲ್ಲ.

"ಮ್ಯಾಕೆ ಅತ್ತದೇ ಇದ್ರೆ ನಾನ್ಯಾಕೆ ಈ ಬ್ಯಾರನ್ ತಾವ?" ಎಂದರು. ಆಗ ನನಗೆ ಅವರ ಭಯ ಅರ್ಥವಾಯಿತು. ಅವರಿಗೆ ಬೀಳುವ ಭಯವಿರಲಿಲ್ಲ, ಬೇಡವಾಗುವ ಭಯವಿತ್ತು.

ಉತ್ತರ ಹೇಳಿದ್ದು ನಾನಲ್ಲ. ಮಾದೇವ ಹೊರಗೆ ಬಂದು ಹಣೆ ಒರೆಸಿಕೊಳ್ಳುತ್ತಾ ಹೇಳಿದ: "ಗೌಡ್ರೇ, ಮ್ಯಾಕೆ ನಾನು ಅತ್ತೀನಿ ಬುಡಿ. ಆದ್ರೆ ಶಾಖ ಯಾವಾಗ ಏರಿಸ್ಬೇಕು, ಯಾವಾಗ ಇಳಿಸ್ಬೇಕು ಅಂತ ನೀವೇ ಏಳ್ಬೇಕು. ಓದ್ಸಲ ನನ್ ಬ್ಯಾರನ್ನಲ್ಲಿ ಸೊಪ್ಪೆಲ್ಲ ಕಪ್ಪಾಗಿ ಓಯ್ತು. ನಿಮ್ದು ಒಂದ್ಸಲನೂ ಆಗಿಲ್ಲ."

ಒಲೆಯ ಹೊಗೆಯ ಹತ್ತಿರ ಅವರು ಕೂರುವ ವಿಚಾರದಲ್ಲಿ ನನಗೆ ಪೂರ್ತಿ ಸಮಾಧಾನವಿರಲಿಲ್ಲ. ಸೌದೆ ಹಾಕುವುದು ಬೇರೆಯವರು, ಹೊರಗಿನಿಂದ ಹೇಳುವುದು ಮಾತ್ರ ಗೌಡರು ಎಂದು ಅಲ್ಲೇ ಒಪ್ಪಂದವಾಯಿತು. ಜಯಮ್ಮ ಕೊಟ್ಟ ಟೀ ಕುಡಿದು ಹೊರಟೆ.

ಗೌಡರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಪಟ್ಟಿ ಬಿಚ್ಚಿದಾಗ ಕೈ ಚೆನ್ನಾಗಿ ಕೂಡಿಕೊಂಡಿತ್ತು. ಸ್ಕ್ಯಾನಿನಲ್ಲಿ ಮೂಳೆಯ ಸಾಂದ್ರತೆ ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆಯಿತ್ತು. ಬೇರೆ ದೊಡ್ಡ ಕಾಯಿಲೆ ಇಲ್ಲವೆಂದು ರಕ್ತಪರೀಕ್ಷೆಯಿಂದ ಖಾತ್ರಿ ಮಾಡಿಕೊಂಡೆವು. ಫಿಜಿಷಿಯನ್ ತಿಂಗಳುಗಟ್ಟಲೆ ತೆಗೆದುಕೊಂಡು ಮಾತ್ರೆ ಇಳಿಸಿದರು. ಹಲ್ಲು, ದವಡೆ ಸರಿಯಿದ್ದರೆ ಮಾತ್ರ ಕೊಡಬೇಕಾದ ಔಷಧಿಯಾದ್ದರಿಂದ ಹಲ್ಲಿನ ಡಾಕ್ಟರಿಗೆ ತೋರಿಸಿ, ಆಮೇಲೆ ಮೂಳೆ ಕರಗುವುದನ್ನು ತಡೆಯುವ ಇಂಜೆಕ್ಷನ್ನನ್ನು ಡ್ರಿಪ್ಪಿನಲ್ಲಿ ಕೊಟ್ಟೆವು. ಅದು ವರ್ಷಕ್ಕೊಮ್ಮೆ ಕೊಡುವಂಥದ್ದು. ಮಾರನೆಯ ದಿನ ಜ್ವರ, ಮೈಕೈ ನೋವು ಬರಬಹುದು ಎಂದು ಮೊದಲೇ ಹೇಳಿದ್ದೆ. ಬಂತು. "ಗಟ್ಟಿ ಮಾಡ್ತೀನಿ ಅಂತ ಮೆತ್ತಗೆ ಮಾಡ್ಬುಟ್ರಲ್ಲ" ಎಂದು ಫೋನಿನಲ್ಲಿ ಗೊಣಗಿದರು. ಅಂಗಳದ ಹಗ್ಗ, ಬಚ್ಚಲಿನ ಪಾಚಿ, ಬಾಗಿಲ ಬಳಿಯ ಸಡಿಲ ಕಲ್ಲು, ಕಾಲಿಗೆ ತೊಡರುವುದನ್ನೆಲ್ಲ ಜಯಮ್ಮ ತೆಗೆಸಿದರು. ಮರುವರ್ಷ ಎರಡನೆಯ ಡ್ರಿಪ್ ಕೂಡ ಆಯಿತು.

ನನ್ನ ನಿವೃತ್ತಿಗೆ ಕೆಲವು ತಿಂಗಳಿರುವಾಗ, ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ, ಆಟೋ ಒಂದು ಆಸ್ಪತ್ರೆಯ ಬಾಗಿಲಿಗೇ ಬಂದು ನಿಂತಿತು. ಹಾಲು ಹಾಕಲು ಹೋದ ಸಿದ್ದೇಗೌಡರು ಡೈರಿಯ ಮೆಟ್ಟಿಲಿನಲ್ಲಿ ಜಾರಿ, ಪಕ್ಕಕ್ಕೆ ಧಡ್ ಎಂದು ಬಿದ್ದಿದ್ದರು. ಬಲ ಸೊಂಟ ಅಂಗೈ ಅಗಲ ನೀಲಿಗಟ್ಟಿತ್ತು. ಜಯಮ್ಮ ಅವರ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿಂದೆಯೇ ಬಂದರು. ನಾನು ಎಕ್ಸ್‌ರೇ ಕೋಣೆಯ ಹೊರಗೇ ನಿಂತು ಕಾದೆ.

ಚಿತ್ರ ಬಂತು. ಸೊಂಟದ ಮೂಳೆಯ ಗೆರೆ ಎಲ್ಲಿಯೂ ಕಡಿಯದೆ ನೆಟ್ಟಗೆ ಸಾಗಿತ್ತು. ಅನುಮಾನಕ್ಕೆ ಇನ್ನೊಂದು ಕೋನದಿಂದ ತೆಗೆಸಿದೆ. ಏನೂ ಆಗಿರಲಿಲ್ಲ. ನೋವಿದ್ದರೂ ಕಾಲೂರಿ ನಿಂತರು, ನಾಲ್ಕು ಹೆಜ್ಜೆ ಹಾಕಿದರು. ಜಯಮ್ಮ ಬೆಂಚಿನ ಮೇಲೆ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಸಿದ್ದೇಗೌಡರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕಡೆ ತಿರುಗಿದರು. "ಅಂಗಾದ್ರೆ ಮೂಳೆ ಗಟ್ಟಿಯಾಗೇ ಅದಲ್ಲ ಡಾಕ್ಟ್ರಮ್ಮ. ಮತ್ಯಾಕೆ ಸುಮ್ಸುಮ್ಕೆ ಎರಡು ವರ್ಷ ಇಂಜೆಕ್ಷನ್ ಚುಚ್ಚಿದ್ರಿ?"

ನನಗೆ ನಗು ತಡೆಯಲಾಗಲಿಲ್ಲ. "ನೀವು ಹಿಂಗೆ ಕೇಳಲಿ ಅಂತಲೇ ಚುಚ್ಚಿದ್ದು ಗೌಡ್ರೇ," ಎಂದೆ. ಅವರಿಗೆ ಒಪ್ಪಿಗೆಯಾಯಿತೋ ಇಲ್ಲವೋ ತಿಳಿಯದು. ಜಯಮ್ಮ ಕಣ್ಣೊರೆಸಿಕೊಂಡು, "ಮುಂದಿನ್ ಇಂಜೆಕ್ಷನ್‌ಗೆ ಯಾವಾಗ ಬರ್ಬೇಕು, ನಂಗೇಳಿ," ಎಂದರು.

ಆ ದಿನ ಮೂಳೆ ಉಳಿದದ್ದು ಇಂಜೆಕ್ಷನ್ನಿನಿಂದಲೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಬಿದ್ದ ರೀತಿ ಬೇರೆಯಿದ್ದಿರಬಹುದು, ಅದೃಷ್ಟವೂ ಇರಬಹುದು. ಮುರಿದ ಮೂಳೆ ಕೂಡಿಸಿದರೆ ಮುಂಚಿನದು, ಆಮೇಲಿನದು ಎಂದು ಎರಡು ಎಕ್ಸ್‌ರೇ ಪಕ್ಕಪಕ್ಕ ಇಟ್ಟು ತೋರಿಸಬಹುದು. ಮುರಿಯದಂತೆ ತಡೆದದ್ದಕ್ಕೆ ತೋರಿಸಲು ಏನೂ ಇರುವುದಿಲ್ಲ, ಯಾರೂ ಕೈಮುಗಿಯುವುದೂ ಇಲ್ಲ. ನನ್ನ ವೃತ್ತಿಯ ಬಹುಪಾಲು ಮುರಿದದ್ದನ್ನು ಕೂಡಿಸುವುದರಲ್ಲೇ ಕಳೆಯಿತು. ಹಿಂದೆ ಏನು ಮುರಿದಿತ್ತು ಎಂದು ಕೇಳಿ, ಮುಂದೆ ಮುರಿಯಬಹುದಾದದ್ದನ್ನು ಕಾಯುವುದೂ ಮೂಳೆ ವೈದ್ಯರ ಕೆಲಸವೇ ಎಂಬುದನ್ನು ಆ ಮಳೆಯ ಬೆಳಿಗ್ಗೆಯಷ್ಟು ಗಟ್ಟಿಯಾಗಿ ನನಗೆ ಬೇರೆ ಯಾವ ಆಪರೇಷನ್ನೂ ಹೇಳಲಿಲ್ಲ.