ಅರ್ಜಿಯಲ್ಲಿ ಬಿಟ್ಟ ಹೆಸರು

ಮಾಲೂರಿನ ಹೆಂಚಿನ ಕಾರ್ಖಾನೆಯೊಂದರ ಹಿಂದಿನ ಶೆಡ್ಡಿನಲ್ಲಿ ನಾನು ಮೈಕ್ರೋವೇವ್ ಒಲೆ ಕಟ್ಟುತ್ತಿದ್ದೆ. ಅಡುಗೆಮನೆಯದ್ದಲ್ಲ, ಆಳು ನಿಲ್ಲುವಷ್ಟು ದೊಡ್ಡದು. ನೆರಳಲ್ಲಿ ದಿನಗಟ್ಟಲೆ ಆರಬೇಕಾದ ಹಸಿ ಹೆಂಚನ್ನು ಒಂದೇ ಹಗಲಿನಲ್ಲಿ ಒಣಗಿಸಬೇಕೆಂಬುದು ನನ್ನ ಹಟ. ಆದರೆ ಒಳಗಿನ ನೀರು ಒಮ್ಮೆಲೇ ಆವಿಯಾಗಿ ಮಣ್ಣನ್ನು ಸೀಳುತ್ತಿತ್ತು. ಕಾವು ತಗ್ಗಿಸಿದೆ, ಹೆಂಚು ಜೋಡಿಸುವ ಕ್ರಮ ಬದಲಿಸಿದೆ. ಬಿರುಕು ನಿಲ್ಲಲಿಲ್ಲ. ಊಟಕ್ಕೆ ಕೂತವನು ಅರ್ಧಕ್ಕೇ ಎದ್ದು ಬಂದು ಒಲೆಯ ಬಾಗಿಲು ತೆಗೆಯುತ್ತಿದ್ದೆ.

ಹೆಂಚು ಜೋಡಿಸಲು ಟೇಕಲ್‌ನಿಂದ ಒಬ್ಬ ಹೆಂಗಸು ಬರುತ್ತಿದ್ದರು, ನನಗಿಂತ ಹತ್ತು ವರ್ಷ ದೊಡ್ಡವರು. ಒಂದು ದಿನ ಚೂರುಗಳನ್ನು ಬುಟ್ಟಿಗೆ ತುಂಬುತ್ತಾ ಹೇಳಿದರು: "ಒಂದೇ ಸಮ ಕಾಯಿಸ್ತೀರಲ್ಲ ಸಾರ್, ಅದು ಹೆಂಗ್ ತಡೀತದೆ? ನಾವು ಸ್ವಲ್ಪೊತ್ತು ಬಿಸ್ಲಿಗಿಟ್ಟು ನೆರಳಿಗೆ ಎಳೀತಿದ್ವಿ. ಒಳಗಿನ ನೀರು ಮೇಲಕ್ ಬರೋಗಂಟ ಸುಮ್ನೆ ಬಿಡ್ತಿದ್ವಿ."

ಅಂದೇ ಒಲೆಗೆ ಎರಡು ನಿಮಿಷ ಕಾವು, ಆರು ನಿಮಿಷ ಬಿಡುವು ಕೊಟ್ಟು ನೋಡಿದೆ. ಸಂಜೆ ತೆಗೆದ ಹನ್ನೆರಡರಲ್ಲಿ ಹನ್ನೊಂದು ಹೆಂಚು ಗಟ್ಟಿಯಾಗಿದ್ದವು.

ಪೇಟೆಂಟ್ ಅರ್ಜಿ ಬರೆಯುವಾಗ ಸಂಶೋಧಕರ ಜಾಗದಲ್ಲಿ ಅವರ ಹೆಸರೂ ಇರಲಿ ಎಂದೆ. ವಕೀಲರು ಫೋನಿನಲ್ಲಿ ನಕ್ಕರು. "ಸಲಹೆ ಕೊಟ್ಟೋರೆಲ್ಲ ಇನ್ವೆಂಟರ್ ಆಗಲ್ಲ ಸಾರ್. ಸೈನ್ ಮಾಡಿ ಕಳ್ಸಿ."

ಕಳಿಸಿದೆ, ನನ್ನೊಬ್ಬನ ಹೆಸರಿನಲ್ಲಿ.

ಆಮೇಲೆ ಶೆಡ್ಡಿಗೆ ಹೋದರೆ ಅವರ ಮುಖ ನೋಡಲಾಗುತ್ತಿರಲಿಲ್ಲ. ಕಾರಣವಿಲ್ಲದೆ ಬೇರೆಯವರ ಮೇಲೆ ರೇಗುತ್ತಿದ್ದೆ. ಅಷ್ಟರಲ್ಲಿ ಮಗಳ ಬಾಣಂತನಕ್ಕೆಂದು ಅವರು ಆಂಧ್ರದ ಗಡಿ ಕಡೆಯ ಬೈರಕೂರಿಗೆ ಹೋದರು. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಒಂದು ಭಾನುವಾರ ಬೈರಕೂರಿಗೆಂದು ಬೈಕ್ ಹತ್ತಿ ಕೋಲಾರ ದಾಟಿದೆ. ಮುಳಬಾಗಿಲಿನಲ್ಲಿ ಟೀ ತರಿಸಿ ಕುಡಿಯದೆ ಎದ್ದೆ. ನನಗೆ ಮೊದಲೇ ಸಿಕ್ಕಿದ್ದ ಎರಡು ಪೇಟೆಂಟುಗಳಲ್ಲಿ ಯಾರ ಮಾತು ಎಷ್ಟಿತ್ತೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ.

ಅವರು ಜಗಲಿಯ ಮೇಲೆ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದರು. ನಿಂತೇ ಎಲ್ಲವನ್ನೂ ಹೇಳಿದೆ. ಪೇಟೆಂಟ್ ಅಂದರೇನೆಂದು ವಿವರಿಸಿದೆ. ಪರವಾಗಿಲ್ಲ ಬಿಡಿ ಅನ್ನುತ್ತಾರೆಂದುಕೊಂಡಿದ್ದೆ.

"ಅಂಗಾದ್ರೆ ಎಸ್ರು ಬಿಟ್ಟಿದ್ಯಾಕೆ?" ಎಂದರು. ಮಗುವನ್ನು ಮಗಳ ಕೈಗೆ ಕೊಟ್ಟು, ತೆಲುಗಿನಲ್ಲಿ ಏನೋ ಹೇಳಿ, ಕೈ ಒರೆಸಿಕೊಂಡು ಬಂದರು. "ಹಾಕಿ ಸಾರ್, ನನ್ನೆಸ್ರು. ಆಧಾರ್‌ನಾಗೆ ತಪ್ಪಾಗೈತೆ, ಅದ್ ನೋಡಿ ಬರೀಬೇಡಿ. ನಾನ್ ಹೇಳ್ತೀನಿ."

ಹೇಳಿದರು. ಬರೆದುಕೊಂಡೆ.

ವಕೀಲರು ಗೊಣಗಿದರು. ತಿದ್ದುಪಡಿಗೆ ತಿಂಗಳುಗಳೇ ಹಿಡಿದವು. ಕೊನೆಗೆ ಎರಡು ಹೆಸರಿನ ಪೇಟೆಂಟ್ ಬಂದಾಗ ಪ್ರತಿ ತೆಗೆಸಿ ಟೇಕಲ್‌ಗೆ ಒಯ್ದೆ. ಅವರು ಎರಡು ಸಲ ಓದಿಸಿಕೊಂಡು ಬೀರುವಿನೊಳಗಿಟ್ಟರು.

"ಮಿಷನ್ ಹೆಂಗೈತೆ ಈಗ?"

ಮನೆಯ ನೆತ್ತಿಗೆ ಹಾಕುವ ದಪ್ಪ ಹೆಂಚು ಇನ್ನೂ ಅಂಚಿನಲ್ಲಿ ಸೀಳುತ್ತಿದೆ ಎಂದೆ.

"ಸೋಮವಾರ ಬರ್ತೀನಿ," ಎಂದರು. "ನಾನ್ ಬರೋಗಂಟ ಅದನ್ ಮುಟ್ಟಬೇಡಿ."