ಹಾರ ಹಾಕುವ ಮುಂಚೆ ಒಂದು ಫೋನ್

ಹೊಳೆನರಸೀಪುರದಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಗೋಡೆಗೆ ಒತ್ತಿಕೊಂಡೇ ಪ್ರೇಮಕುಮಾರಿಯ ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬ, ನಾಮಕರಣ, ಚುನಾವಣೆ ಗೆದ್ದವರಿಗೆ ಅಭಿನಂದನೆ, ಏನು ಕೇಳಿದರೂ ಕಾಫಿ ಕುಡಿದು ಬರುವಷ್ಟರಲ್ಲಿ ಮಾಡಿಟ್ಟಿರುತ್ತಾಳೆ. ಶ್ರದ್ಧಾಂಜಲಿ ಫ್ಲೆಕ್ಸ್ ಕೇಳಿದರೆ ಮಾತ್ರ ಮುಖ ಬಿಗಿಯುತ್ತದೆ. ಸತ್ತವರ ಮನೆಯ ನಂಬರ್ ಇಸಿದುಕೊಂಡು, ಬಂದವರ ಎದುರಿಗೇ ಫೋನ್ ಮಾಡಿ, "ನಿಮ್ಮನೇಲಿ ಯಾರಾದ್ರೂ ತೀರ್ಕೊಂಡವ್ರಾ?" ಎಂದು ವಿಚಾರಿಸುತ್ತಾಳೆ. ಆ ಕಡೆಯವರು ಹೌದೆಂದ ಮೇಲೇ ಫೋಟೊಗೆ ಹಾರ.

ನನ್ನ ದೊಡ್ಡಮ್ಮ ಹೋದಾಗ ನನಗೂ ಇದೇ ಮರ್ಯಾದೆ ಆಯಿತು. "ಪ್ರೇಮಮ್ಮ, ದೊಡ್ಡಮ್ಮನ ಸಾವಲ್ಲೂ ಸುಳ್ಳು ಹೇಳ್ತೀನಾ ನಾನು?" ಅಂದೆ. "ನೀವಂಗೆ ಮಾಡಾಕಿಲ್ಲ ಗಂಗಯ್ಯಣ್ಣ. ಆದ್ರೂ ಒಂದ್ ಮಾತು ಕೇಳ್ಬುಡ್ತೀನಿ," ಎಂದು ನಮ್ಮಣ್ಣನಿಗೆ ಫೋನ್ ಮಾಡೇಬಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು. ಆರು ತಿಂಗಳು ಅವಳೊಂದಿಗೆ ಮಾತು ಬಿಟ್ಟೆ.

ಮೊದಲು ಅವಳು ಹೀಗಿರಲಿಲ್ಲ. ಬಾಯಿ ತುಂಬ ಮಾತು, ಗಿರಾಕಿಗಳ ಜೊತೆ ತಮಾಷೆ. ಆರು ವರ್ಷದ ಹಿಂದೆ ರವೀಂದ್ರ ಸತ್ತ ವಾರದಿಂದ ಹೆಂಗಸು ಬದಲಾದಳು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಏನೋ ಮುಚ್ಚಿಡುತ್ತಿದ್ದಾಳೆ ಅನ್ನಿಸಿತ್ತು.

ಈ ರವೀಂದ್ರ ಅರಕಲಗೂಡಿನ ಹುಡುಗ, ರ‍್ಯಾಪ್ ಹಾಡುತ್ತಿದ್ದ. ಇಟ್ಟುಕೊಂಡ ಹೆಸರು 'ಗರಗಸ'. ಚನ್ನರಾಯಪಟ್ಟಣದಲ್ಲಿ ಕೀರ್ತಿರಾಜ್ ಅಂತ ಇನ್ನೊಬ್ಬ, ಅವನು 'ಕೆಂಡ'. ಇಬ್ಬರೂ ಮೊದಲು ಜೋಡಿಯಾಗಿ ಹಾಡಿದವರು. ಆಮೇಲೆ ಜಗಳ ಮಾಡಿಕೊಂಡು, ಇವನು ಅವನನ್ನು ಬೈದು ಒಂದು ಹಾಡು, ಅವನು ಇವನನ್ನು ಬೈದು ಇನ್ನೊಂದು. ನನಗೆ ಅದು ಹಾಡು ಅನ್ನಿಸಿದ್ದೇ ಇಲ್ಲ, ಆದರೆ ಎರಡೂ ಊರಿನ ಹುಡುಗರು ಅದನ್ನೇ ಉಸಿರಾಡುತ್ತಿದ್ದರು.

ಒಂದು ಬೆಳಿಗ್ಗೆ ಅರಕಲಗೂಡು ಬಸ್ ಸ್ಟ್ಯಾಂಡಿನ ಎದುರು ಒಂದು ಫ್ಲೆಕ್ಸ್ ಎದ್ದು ನಿಂತಿತ್ತು. ಬದುಕಿದ್ದ ರವೀಂದ್ರನ ಫೋಟೊಗೆ ಹಾರ, ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗೆ 'ಕೆಂಡ ಅಭಿಮಾನಿ ಬಳಗ, ಚನ್ನರಾಯಪಟ್ಟಣ'. ರವೀಂದ್ರನ ಕಡೆಯ ಹುಡುಗರು ಕೀರ್ತಿರಾಜನನ್ನು ಹೊಡೆಯಲು ಬೈಕ್ ಹತ್ತಿದರು. ಅವರ ಹಿಂದೆಯೇ ರವೀಂದ್ರನೂ ಒಬ್ಬನೇ ಬೈಕಿನಲ್ಲಿ ಹಾರಿಕೊಂಡು ಬಂದ. ನಮ್ಮೂರಿನ ಹತ್ತಿರ ತಿರುವಿನಲ್ಲಿ ಟ್ರ್ಯಾಕ್ಟರಿಗೆ ಗುದ್ದಿ, ಅಲ್ಲೇ ಹೋದ. ಅಪಘಾತ ಅಂತ ಕೇಸು ಮುಗಿಯಿತು. ಜನರ ಬಾಯಲ್ಲಿ ಮುಗಿಯಲಿಲ್ಲ. ಫ್ಲೆಕ್ಸ್ ಹಾಕಿಸಿದವನು ಕೀರ್ತಿರಾಜ್, ಆದ್ದರಿಂದ ಕೊಂದವನೂ ಅವನೇ. ಫ್ಲೆಕ್ಸಿನ ಮೂಲೆಯಲ್ಲಿ ಮಾಡಿದ ಅಂಗಡಿಯ ಹೆಸರು, ನಂಬರ್ ಇರುವುದು ವಾಡಿಕೆ. ಅದರಲ್ಲಿ ಇರಲಿಲ್ಲ. ಎಲ್ಲಿ ಮಾಡಿಸಿದ್ದೆಂದು ಯಾರಿಗೂ ತಿಳಿಯಲಿಲ್ಲ.

ಕೀರ್ತಿರಾಜ್ ಹಾಡು ಬಿಟ್ಟ. ಹಾಸನದ ಗೋಡೌನ್ ಒಂದರಲ್ಲಿ ಪಾರ್ಸೆಲ್ ಎತ್ತುವ ಕೆಲಸಕ್ಕೆ ಸೇರಿದ. ಅವನ ಮೂಲ ಊರು ಅರಕಲಗೂಡಿನ ಪಕ್ಕವೇ, ಅಲ್ಲಿಗೆ ಕಾಲಿಡುವ ಹಾಗಿರಲಿಲ್ಲ. ಹೋದ ವರ್ಷ ರವೀಂದ್ರನ ಅಭಿಮಾನಿಗಳು ಕಂಪ್ಯೂಟರಿನಲ್ಲಿ ಅವನ ಧ್ವನಿ ಮಾಡಿಸಿ ಹೊಸ ಹಾಡನ್ನೇ ಬಿಟ್ಟರು. ಸತ್ತವನು ಹಾಡುತ್ತಾನೆ, ನನ್ನನ್ನು ಕೊಂದವನು ಕೆಂಡ ಅಂತ. ಅದನ್ನು ಸ್ಕೂಲ್ ವ್ಯಾನಿನ ಮಕ್ಕಳೂ ಹಾಡುತ್ತವೆ. ನಾನೂ ಕೀರ್ತಿರಾಜನೇ ಮಾಡಿಸಿದ್ದೆಂದು ನಂಬಿದ್ದವನು. ಅನುಮಾನಪಡುವುದಕ್ಕೆ ಕಷ್ಟವೇನು ಬೇಕು?

ಈ ಜನವರಿಯಲ್ಲಿ ಪ್ರೇಮಕುಮಾರಿಯ ಅಂಗಡಿಯಲ್ಲಿ ಕೂತಿದ್ದಾಗ ಆ ಕೀರ್ತಿರಾಜನೇ ಬಂದ. ಬಡಕಲಾಗಿದ್ದ, ಆದರೂ ಗುರುತು ಸಿಕ್ಕಿತು. ಅಪ್ಪ ಬೋರಪ್ಪ ತೀರಿಕೊಂಡಿದ್ದ, ಊರಿನಲ್ಲಿ ತಿಥಿ, ಫ್ಲೆಕ್ಸ್ ಬೇಕು. ಈಗ ಇವನ ಮನೆಗೂ ಫೋನ್ ಮಾಡುತ್ತಾಳೆ, ನೋಡೋಣ ಅಂದುಕೊಂಡೆ. ಅವಳು ಫೋನ್ ಮುಟ್ಟಲಿಲ್ಲ. ಸುಮ್ಮನೆ ಫೋಟೊ ಇಸಿದುಕೊಂಡು ಕಂಪ್ಯೂಟರಿನಲ್ಲಿ ಹಾರ ಹಾಕಿದಳು.

"ಕೆಳ್ಗೆ ದುಃಖತಪ್ತರು ಅಂತ ಅವ್ವಂದು, ತಂಗೀದು ಹಾಕಿ ಅಕ್ಕ. ನನ್ ಎಸ್ರು ಬ್ಯಾಡ," ಅಂದ.

"ಮಗನ್ ಎಸ್ರಿಲ್ದೆ ಎಂಗಪ್ಪ?"

"ಅದಿದ್ರೆ ಊರಿನೋರು ಫ್ಲೆಕ್ಸ್‌ನೇ ಅರ್ದಾಕ್ತಾರೆ. ಅಪ್ಪನ್ ಮುಖಾನೂ ಅದ್ರ್ ಜೊತೆ ಅರಿತದೆ."

ಮೌಸಿನ ಮೇಲಿದ್ದ ಅವಳ ಕೈ ನಿಂತಿತು. ಎದ್ದು ಹೋಗಿ ಶಟರ್ ಅರ್ಧ ಎಳೆದಳು. ಗಿರಾಕಿ ವಾಟ್ಸಾಪಿನಲ್ಲಿ ಓಕೆ ಅನ್ನದೆ ಅವಳು ಯಾವ ಫ್ಲೆಕ್ಸನ್ನೂ ಮಿಷನ್ನಿಗೆ ಹಾಕುವವಳಲ್ಲ. ಅಂಥದ್ದೇ ಒಂದು ವಾಯ್ಸ್ ಮೆಸೇಜನ್ನು ಆರು ವರ್ಷದಿಂದ ಫೋನಿನಿಂದ ಫೋನಿಗೆ ದಾಟಿಸಿಕೊಂಡು ಬಂದಿದ್ದಳು. ಒತ್ತಿದಳು. ರವೀಂದ್ರನ ಧ್ವನಿ.

"ಅಕ್ಕ, ಸಕ್ಕತ್ತಾಗೈತೆ. ನಾನ್ ನಿಜ್ವಾಗ್ಲೂ ಸತ್ರೂ ಇಷ್ಟ್ ಚಂದಾಗ್ ಯಾರೂ ಮಾಡಾಕಿಲ್ಲ. ಮೂಲೇಲಿ ನಿಮ್ ಅಂಗ್ಡಿ ಎಸ್ರು ತಗ್ದಾಕಿ. ಕೆಳ್ಗೆ ಕೆಂಡ ಬಳಗ ಅಂತ ದಪ್ಪಕ್ಷರ ಇರ್ಲಿ. ಸಂಜೀಗೆ ಬದ್ಕಿವ್ನಿ ಅಂತ ಹಾಡು ಬಿಡ್ತೀನಿ. ಆಗ ಆ ಕೀರ್ತಿನೂ ನಗ್ತಾನೆ." ಕೊನೆಗೆ ಅವನದೇ ನಗು.

ತನ್ನ ಶ್ರದ್ಧಾಂಜಲಿಯನ್ನು ತಾನೇ ಮಾಡಿಸಿದ್ದ. ಅದು ಕೀರ್ತಿರಾಜನದೇ ಎಂದು ನಂಬಿ ಹೊರಟ ತನ್ನ ಹುಡುಗರನ್ನು ತಡೆಯಲು ಓಡಿಬಂದು ಸತ್ತಿದ್ದ.

"ಅಂಗ್ಡಿಗೆ ಬೆಂಕಿ ಹಾಕ್ತಾರೆ ಅಂತ ಎದ್ರಿಕೊಂಡೆ ಕಣಪ್ಪ. ಬದ್ಕಿರೋ ಮಗೀಗೆ ಹಾರ ಹಾಕ್ದೋಳು ನಾನೇ," ಎಂದು ಪ್ರೇಮಕುಮಾರಿ ಅತ್ತಳು. "ತಕೋ, ಎಲ್ರಿಗೂ ಕೇಳ್ಸು."

ಕೀರ್ತಿರಾಜ್ ಇನ್ನೊಂದು ಸಲ ಹಾಕಿಸಿಕೊಂಡು ಕೇಳಿದ. "ಇದು ಅವನ್ ನಗೂನೆ," ಅಂದ. ಕಣ್ಣು ತುಂಬಿತ್ತು. "ಆದ್ರೆ ಯಾರ್ ನಂಬ್ತಾರಕ್ಕ? ಸತ್ತೋನ್ ಕೈಲಿ ಅವ್ರೇ ಹಾಡ್ಸವ್ರೆ. ನಾನ್ ಇದ್ನ ತಕ್ಕೊಂಡೋದ್ರೆ, ನಾನೂ ಮಾಡಿಸ್ಕೊಂಡ್ ಬಂದೆ ಅಂತಾರೆ. ಆವಾಗ್ಲೇ ಕೊಟ್ಟಿದ್ರೆ ಆಗಿರೋದು."

ಅವಳು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದಳು. ಕಣ್ಣೊರೆಸಿಕೊಂಡು ಕುಳಿತು, 'ಮಗ: ಕೀರ್ತಿರಾಜ್' ಎಂದು ಎಲ್ಲರಿಗಿಂತ ಮೇಲೆ ಟೈಪ್ ಮಾಡಿದಳು. ಮೂಲೆಯಲ್ಲಿ ತನ್ನ ಅಂಗಡಿಯ ಹೆಸರು, ನಂಬರ್ ಹಾಕಿದಳು. ಅವನು ಬೇಡವೆನ್ನಲಿಲ್ಲ.

ನನಗೆ ಸುಮ್ಮನಿರಲಾಗಲಿಲ್ಲ. ಅರಕಲಗೂಡಿನಲ್ಲಿ ನಮ್ಮಣ್ಣನ ಮಗ ಇದ್ದಾನೆ, ರವೀಂದ್ರನ ಕಡೆಯವನು. ಅವನಿಗೆ ಕಳಿಸಲೇ ಎಂದು ಇಬ್ಬರನ್ನೂ ಕೇಳಿದೆ. "ಕಳ್ಸಿ ನೋಡಿ ಸಾ," ಅಂದ ಕೀರ್ತಿರಾಜ್. ಪ್ರೇಮಕುಮಾರಿಯಿಂದ ಮೆಸೇಜನ್ನು ನನ್ನ ಫೋನಿಗೆ ತರಿಸಿಕೊಂಡು ಕಳಿಸಿದೆ. ಎರಡೇ ನಿಮಿಷದಲ್ಲಿ ಉತ್ತರ ಬಂತು. "ಚಿಕ್ಕಪ್ಪ, ಇದು ಎಐ. ಈ ವಯಸ್ಸಲ್ಲಿ ಇದನ್ನೆಲ್ಲ ನಂಬ್ತೀರಾ? ಅದರಲ್ಲಿ ಅಕ್ಕ ಅಂತಾನಲ್ಲ, ಆ ಅಂಗಡಿಯವಳನ್ನೇ ಒಂದು ಸಲ ವಿಚಾರಿಸಿ."

ನಾನು ಫೋನನ್ನು ಜೇಬಿಗಿಳಿಸಿದೆ. ಕೀರ್ತಿರಾಜ್ ನನ್ನ ಮುಖ ನೋಡಿ ಅರ್ಥಮಾಡಿಕೊಂಡು, ಅಪ್ಪನ ಫ್ಲೆಕ್ಸ್ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ಹೋದ. ಅಣ್ಣನ ಮಗನ ಮೇಲೆ ನನಗೆ ಸಿಟ್ಟು ಬಂತು. ಬಂದಷ್ಟೇ ಬೇಗ ಇಳಿಯಿತು. ಆರು ವರ್ಷ ಸುಳ್ಳನ್ನು ನಂಬಿದಾಗ ನಾನೂ ಯಾರಿಗೂ ಒಂದು ಫೋನ್ ಮಾಡಿ ವಿಚಾರಿಸಿರಲಿಲ್ಲ.