ಪಡಸಾಲೆಯ ವಿದೇಶಾಂಗ ನೀತಿ

ಶಹಾಪುರದ ತಹಸೀಲ ಕಚೇರಿಯಿಂದ ನಿವೃತ್ತರಾದ ಮೇಲೆ ಮರಿಲಿಂಗಪ್ಪನವರು ಜಗತ್ತಿನ ಕಾರಭಾರವನ್ನು ಕೈಗೆತ್ತಿಕೊಂಡರು. ನೌಕರಿಯಲ್ಲಿದ್ದಾಗ ಅವರ ಮಾತು ಒಂದು ಹೋಬಳಿಯ ಪಹಣಿಗಳ ಆಚೆ ನಡೆಯುತ್ತಿರಲಿಲ್ಲ. ಈಗ ಬಸ್ ನಿಲ್ದಾಣದ ಎದುರಿನ ರಾಜಾಸಾಬನ ಚಹಾದಂಗಡಿಯ ಬೆಂಚಿನ ಮೇಲೆ ಕೂತರೆ ಅದು ಯುರೋಪಿನವರೆಗೂ ನಡೆಯುತ್ತಿತ್ತು. ಯಾವ ದೇಶ ಎಲ್ಲಿ ತಪ್ಪಿತು ಎಂಬುದು ಅವರಿಗೆ ಬೆಳಗಿನ ಪೇಪರು ಬರುವ ಮೊದಲೇ ಗೊತ್ತಿರುತ್ತಿತ್ತು.

ಆ ವರ್ಷ ಅವರನ್ನು ಹಿಡಿದುಕೊಂಡ ವಿಷಯ ನಿರಾಶ್ರಿತರದು. ತಂತಿಬೇಲಿಯ ಆಚೆ ಕೂಸು ಎತ್ತಿಕೊಂಡು ನಿಂತವರನ್ನು ಟೀವಿಯಲ್ಲಿ ನೋಡಿ ಅವರಿಗೆ ನಿಜವಾಗಿಯೂ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಆ ಸಂಕಟ ಆರುವ ಮೊದಲೇ ಬುದ್ಧವಿಹಾರದ ಸಭೆಯಲ್ಲಿ ಭಾಷಣ ಮಾಡಿಬಿಟ್ಟರು. “ಮನೆ ಕಳಕೊಂಡು ಬಂದವರಿಗೆ ದೇಶಗಳು ಬಾಗಿಲು ತೆರೆಯಬೇಕು! ಎಷ್ಟು ದಿನ ಇರ್ತೀರಿ ಎಂದು ಕೇಳಲೇಬಾರದು! ಕೇಳುವುದೇ ಹಿಂಸೆ!” ಭಾರಿ ಚಪ್ಪಾಳೆ ಬಿತ್ತು. ರಾಜಾಸಾಬ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ.

ದೀಪಾವಳಿ ಮುಗಿದ ಮೇಲೆ ಸೋನಮ್ ಬಂದಿಳಿದಳು. ಮುಂಡಗೋಡದ ಟಿಬೆಟನ್ ಕ್ಯಾಂಪಿನ ಹೆಣ್ಣುಮಗಳು, ವಯಸ್ಸು ನಲವತ್ತು ದಾಟಿದೆ. ಪ್ರತಿವರ್ಷ ಸ್ವೆಟರಿನ ಗಂಟು ಹೊತ್ತು ಬರುತ್ತಾಳೆ. ಬೇಸಿಗೆ, ಕಡುಬೇಸಿಗೆ ಎಂದು ಎರಡೇ ಕಾಲವಿರುವ ಸೀಮೆಯಲ್ಲಿ ಸ್ವೆಟರು ಮಾರುವುದೆಂದರೆ ಅದೊಂದು ಧೈರ್ಯವೇ. ಸಂಕ್ರಾಂತಿ ಕಳೆದರೆ ಯಾರೂ ಉಣ್ಣೆ ಮುಟ್ಟುವುದಿಲ್ಲ. ಅವಳ ವರ್ಷದ ದುಡಿಮೆಯೆಲ್ಲ ಅಷ್ಟರೊಳಗೆ ಆಗಬೇಕು. ಈ ಸಲ ನೋಡಿದರೆ, ಅವಳು ಅಂಗಡಿ ಹಾಕುತ್ತಿದ್ದ ಬಯಲನ್ನು ಯಾರೋ ಕಟ್ಟಡಕ್ಕೆಂದು ಅಗೆದುಬಿಟ್ಟಿದ್ದರು.

“ಆ ಮೂಲಿ ಮನಿಗಿ ಹೋಗಕ್ಕಾ,” ಎಂದ ರಾಜಾಸಾಬ, ಮರಿಲಿಂಗಪ್ಪನವರ ಭಾಷಣವನ್ನು ಅವಳ ಮೊಬೈಲಿಗೆ ಕಳಿಸುತ್ತ. “ಎಷ್ಟು ದಿನ ಅಂತ ಕೇಳಿದ್ರ ಈ ವಿಡಿಯೋ ತೋರಸು.”

ಮರಿಲಿಂಗಪ್ಪನವರು ಬಾಗಿಲು ತೆರೆದು ಕೇಳಿದ ಮೊದಲ ಮಾತೇ “ಎಷ್ಟು ದಿನ?” ಸೋನಮ್ ಮೊಬೈಲು ಹೊರತೆಗೆದಳು. “ಇರ್ಲಿ, ಇರ್ಲಿ, ಒಳಗ ಬಾ,” ಎಂದರು ಅವರು.

ಒಳಗೇನೋ ಬಿಟ್ಟರು, ಆದರೆ ಕರಾರುಗಳೊಂದಿಗೆ. ಪಡಸಾಲೆಯ ಎಡಭಾಗ ಮಾತ್ರ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ತಾವು ಮಧ್ಯಾಹ್ನ ಮಲಗಿದಾಗ ಗಿರಾಕಿಗಳು ಪಿಸುಮಾತಿನಲ್ಲೇ ಚೌಕಾಸಿ ಮಾಡಬೇಕು. ಬಾಬಾಸಾಹೇಬರ ಪಟದ ಕೆಳಗೆ ಮಂಕಿ ಟೋಪಿ ತೂಗುಹಾಕಬಾರದು. ಸೋನಮ್ ಎಲ್ಲಕ್ಕೂ “ಹೂಂ ಕಾಕಾರ” ಎಂದಳು. ಮರುದಿನ ಅವರ ಹೆಂಡತಿ ದೇವಕಮ್ಮನೇ ಕಲ್ಲು ಹುಡುಕಿ ತಂದು ಗೋಡೆಗೆ ಮೊಳೆ ಬಡಿದರು. ವಾರದೊಳಗೆ ಮಕ್ಕಳ ಸ್ವೆಟರುಗಳು ಗಡಿ ದಾಟಿ ಬಲಭಾಗಕ್ಕೆ ನುಗ್ಗಿದವು. ಮರಿಲಿಂಗಪ್ಪನವರ ಮಂಚ ಹಿಂದೆ ಸರಿಯುತ್ತ ಸರಿಯುತ್ತ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಿತು.

ಆದರೂ ಅವರಿಗೆ ಒಳಗೊಳಗೇ ಹೆಮ್ಮೆ. ಸಂಜೆ ಅವಳನ್ನು ಮಾಳಿಗೆಗೆ ಕರೆದೊಯ್ದು, ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡದ ಸಾಲನ್ನು ತಾವೇ ಕಡೆದು ಇಟ್ಟವರಂತೆ ತೋರಿಸಿದರು. “ನೋಡವ್ವ, ಅದು ಹಣಿ, ಅದು ಮೂಗು, ಅದು ಎದಿ.”

ಸೋನಮ್ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. “ಆರಾಮ ಮಲಗ್ಯಾನ್ರಿ ಕಾಕಾರ. ಏಳು, ಜಾಗಾ ಬಿಡು ಅಂತ ಅವಂಗ ಯಾರೂ ಅನ್ನಂಗಿಲ್ಲ ನೋಡ್ರಿ.”

ಜಾಗ ಬಿಡಿಸುವವನು ಮರುವಾರವೇ ಬಂದ. ಅವನು ಬಟ್ಟೆ ಅಂಗಡಿಯ ಮಲ್ಲಿನಾಥ. ಹಳೇ ಸ್ಟಾಕಿನ ಸ್ವೆಟರುಗಳು ಅವನ ಕಪಾಟಿನಲ್ಲೇ ಚಳಿ ಕಾಯಿಸಿಕೊಳ್ಳುತ್ತಿದ್ದವು.

“ಸಾಹೇಬ್ರ, ನಿಮ್ಮಂಥ ದೊಡ್ಡವರ ಮನಿ ಸಂತಿ ಆಗ್ಯಾದಲ್ರಿ! ನಮಗ ಕೆಟ್ಟ ಅನಸ್ತದ. ಅಂದಂಗ, ನಮ್ಮ ವರ್ತಕರ ಸಂಘದ ವಾರ್ಷಿಕೋತ್ಸವಕ್ಕ ಈ ಸಲ ನೀವೇ ಮುಖ್ಯ ಅತಿಥಿ ಆಗಬೇಕು ಅಂತ ಮಾತಾಡಾಕತ್ತೀವಿ. ಆದ್ರ ಈ ಸ್ವೆಟರಿನ ಗದ್ಲ ಇದ್ರ ಮಂದಿ ಒಪ್ಪತಾರೋ ಇಲ್ಲೋ...”

ಮುಖ್ಯ ಅತಿಥಿ! ಇಡೀ ನೌಕರಿಯಲ್ಲಿ ಮರಿಲಿಂಗಪ್ಪನವರು ವೇದಿಕೆಗೆ ಕುರ್ಚಿ ಸಾಗಿಸಿದವರೇ ಹೊರತು ಅದರ ಮೇಲೆ ಕೂತವರಲ್ಲ. ಅವರು ಗಂಭೀರವಾಗಿ ಯೋಚಿಸಿದರು. ಹೊರಗೆ ಹಾಕಿದರೆ ವಿಡಿಯೋ ಇದೆ. ಆದರೆ ಹೊರಗೆ ಹಾಕುವುದಕ್ಕೂ ಬೀಳ್ಕೊಡುವುದಕ್ಕೂ ನಡುವೆ ಇರುವುದು ಒಂದೇ ಒಂದು ಶಾಲು. ನೇರ ಚಹಾದಂಗಡಿಗೆ ಹೋಗಿ, ಬರುವ ಮಂಗಳವಾರ ಸೋನಮ್‌ಗೆ ಹಾರ ಹಾಕಿ, ಶಾಲು ಹೊದಿಸಿ, ಮನೆಮಗಳಂತೆ ಉಡಿ ತುಂಬಿ ಬೀಳ್ಕೊಡುವುದಾಗಿ ಸಾರಿದರು. ರಾಜಾಸಾಬ ಅದನ್ನೂ ಗುಂಪಿಗೆ ಹಾಕಿದ. ನೂರಾರು ಜನ ಕೈಮುಗಿದ ಚಿತ್ರ ಕಳಿಸಿದರು.

ದೇವಕಮ್ಮ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡರು. “ಪಾಪ, ಎಲ್ಲಿಗಿ ಹೋಗಬೇಕ್ರಿ ಅಕಿ?”

“ಸುರಪುರಕ್ಕ. ಸುರಪುರದವ್ರು ಭಾಳ ಉದಾರಿಗಳು. ಎಲ್ಲಾ ಭಾರ ಒಬ್ಬರ ಮ್ಯಾಲೇ ಬೀಳಬಾರದು, ಹೊಣಿ ಹಂಚಿಕೋಬೇಕು. ಜಗತ್ತಿನಾಗ ಎಲ್ಲಾ ದೇಶಗೋಳು ಹಿಂಗೇ ಅಂತಾವ.”

“ಉಡಿ ತುಂಬಬೇಕು ಅಂದ್ರಿ?”

“ಹೌದು, ಮನಿ ಮಗಳಿಗಿ ತುಂಬಿದಂಗ.”

“ಮನಿ ಮಗಳಿಗಿ ಮಂಗಳವಾರ ಯಾರು ಕಳಸ್ತಾರ್ರಿ?”

“ನಾವು ವಾರ ಗೀರ ನಂಬಂಗಿಲ್ಲ!” ಎಂದು ಮರಿಲಿಂಗಪ್ಪನವರು ಎದೆ ಸೆಟೆಸಿದರು. ಅದು ನಿಜವೇ ಆಗಿತ್ತು. ಪಂಚಾಂಗವನ್ನು ಅವರು ಮನೆಯ ಹೊಸ್ತಿಲು ದಾಟಗೊಟ್ಟಿರಲಿಲ್ಲ.

“ನಂಬದಿದ್ರ ಉಡೀನೂ ನಂಬಬ್ಯಾಡ್ರಿ. ಅರ್ಧಾ ಮಂಜೂರು, ಅರ್ಧಾ ನಾಮಂಜೂರು ಮಾಡಾಕ ಇದೇನು ನಿಮ್ಮ ಕಚೇರಿಯೇನು?”

ಉಡಿ ಬಿಡುವಂತಿರಲಿಲ್ಲ, ಊರಿಗೆಲ್ಲ ಗೊತ್ತಾಗಿತ್ತು. “ಹಂಗಾರ ಬುಧವಾರ.”

“ಬುಧವಾರ ಅಮಾಸಿ.”

“ಗುರುವಾರ?”

“ಅಮಾಸಿ ಮರುದಿನ ಮಗಳಿಗಿ ಕಳಸಿ ಮಂದಿ ಕಡಿಂದ ಉಗಳಿಸಿಕೋಬೇಕೇನ್ರಿ?”

“ಶುಕ್ರವಾರ?”

“ಶುಕ್ರವಾರ ಮನಿ ಲಕ್ಷ್ಮಿಗಿ ಹೊರಗ ಕಳಸ್ತಾರೇನ್ರಿ?”

“ಶನಿವಾರ?” ಎಂದರು ಇವರು, ಸೋತ ದನಿಯಲ್ಲಿ.

“ಶನಿವಾರದಿಂದ ಧನುರ್ಮಾಸ ಹತ್ತತದ. ಇನ್ನ ಏನಿದ್ರೂ ಸಂಕ್ರಾಂತಿ ಆದ ಮ್ಯಾಲ,” ಎಂದು ದೇವಕಮ್ಮ ರೊಟ್ಟಿ ತಿರುವಿ ಹಾಕಿದರು.

ಹೆಂಡತಿಯ ಜೊತೆ ಮಾತು ಮುರಿದುಬಿದ್ದ ಮೇಲೆ ಉಳಿದದ್ದು ನೇರ ಮಾತುಕತೆ. ಮರಿಲಿಂಗಪ್ಪನವರು ಸೋನಮ್ ಎದುರು ಕೂತು, ಸುರಪುರದ ಹವೆ, ಸುರಪುರದ ನೀರು, ಸುರಪುರದ ಜನಕ್ಕೆ ಹೆಚ್ಚಾಗಿರುವ ಚಳಿ ಎಂದು ಸುತ್ತಿ ಬಳಸಿ ಹೇಳತೊಡಗಿದರು. ಅವಳಿಗೆ ಅರ್ಧದಲ್ಲೇ ತಿಳಿಯಿತು. ಇಂಥ ಮಾತು ಅವಳು ಹುಟ್ಟಿದಾಗಿನಿಂದ ಕೇಳುತ್ತ ಬಂದದ್ದೇ.

“ಹೋಗ್ತೀನ್ರಿ ಕಾಕಾರ, ಗಂಟು ಕಟ್ಟೂದು ನಮಗ ರೂಢಿ ಐತಿ. ನಮ್ಮಪ್ಪ ಒಂದ ಚಳಿಗಾಲ ಇದ್ದು ಹೋದರಾತು ಅಂತ ಈ ದೇಶಕ್ಕ ಬಂದಿದ್ನಂತ. ಅದ ಚಳಿಗಾಲ ಇನ್ನೂ ಮುಗದಿಲ್ಲ ನೋಡ್ರಿ,” ಎಂದು ನಕ್ಕಳು. “ಆದ್ರ ಮಂದಿ ಅನ್ನಾಕತ್ತಾರಲ್ಲ, ಆ ಶಾಲು ಮಾತ್ರ ಬ್ಯಾಡ್ರಿ. ನಿಮ್ಮಕಿಂತ ಚಲೋ ಶಾಲು ನನ್ನ ಹತ್ರನ ಅದಾವು.”

ಹಾಗೆಂದವಳೇ ಚಾದರ ಹಾಸಿ, ಸ್ವೆಟರುಗಳನ್ನು ಒಂದರ ಮೇಲೊಂದು ಪೇರಿಸಿ, ಮೊಣಕಾಲಿಂದ ಒತ್ತಿ ಗಂಟು ಬಿಗಿದಳು. ಸಿಟ್ಟಿಲ್ಲ, ಅಳುವಿಲ್ಲ. ಬಸ್ಸಿಗೆ ಹೊತ್ತಾಯಿತು ಎಂಬಂಥ ಚುರುಕು ಅಷ್ಟೇ. ಆ ಚುರುಕು ಕಂಡು ಮರಿಲಿಂಗಪ್ಪನವರಿಗೆ ತಂತಿಬೇಲಿಯ ಆಚೆ ನಿಂತವರು ನೆನಪಾದರು. ಟೀವಿಯಾಗಿದ್ದರೆ ಚಾನೆಲ್ ಬದಲಿಸಬಹುದಿತ್ತು. ಇವಳು ಅವರದೇ ಪಡಸಾಲೆಯಲ್ಲಿದ್ದಳು.

ಅಷ್ಟರಲ್ಲಿ ಮಲ್ಲಿನಾಥ ಬಂದ. ಕಟ್ಟಿದ ಗಂಟು ನೋಡಿ ಅವನ ಮುಖ ಅರಳಿತು. “ಹೊಂಟ್ಳೇನ್ರಿ ಸಾಹೇಬ್ರ?”

“ಇಲ್ಲ,” ಎಂದುಬಿಟ್ಟರು ಮರಿಲಿಂಗಪ್ಪನವರು. ಹೇಳಿದ ಮೇಲೆ ಕಾರಣ ಹುಡುಕಬೇಕಾಯಿತು. “ಧನುರ್ಮಾಸ ಬರಾಕತ್ತದ.”

“ನೀವು ಯಾವಾಗ್ಲಿಂದ ಪಂಚಾಂಗ ನೋಡಾಕತ್ತೀರಿ?”

“ನಂದೇನೂ ನಂಬಿಕಿ ಇಲ್ಲ. ಮಗಳಿಗಿ ಕಳಸೂದಂದ್ರ ನೋಡಬೇಕಾಗ್ತದ. ಮನ್ಯಾಗಿನವ್ರು ಕೇಳಬೇಕಲ್ಲ?”

ಒಳಗೆ ದೇವಕಮ್ಮ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

“ಹಂಗಾರ ವಾರ್ಷಿಕೋತ್ಸವ...” ಮಲ್ಲಿನಾಥ ರಾಗ ಎಳೆದ.

ಮರಿಲಿಂಗಪ್ಪನವರು ವೇದಿಕೆ, ಮೈಕು, ಹಿಂದೆ ತಮ್ಮ ಹೆಸರಿನ ಬ್ಯಾನರು, ಎಲ್ಲವನ್ನೂ ಮನಸ್ಸಿನಲ್ಲೇ ಒಮ್ಮೆ ಕಣ್ತುಂಬ ನೋಡಿದರು. “ಬ್ಯಾರೆ ಯಾರಿಗಾರ ಕರೀರಿ,” ಎಂದರು.

ಮಲ್ಲಿನಾಥ ಮೆಟ್ಟಿಲಿಳಿದು ಹೋದ. ಮರಿಲಿಂಗಪ್ಪನವರು ಕೂತು, ಸೋನಮ್ ಕಟ್ಟಿದ ಗಂಟನ್ನು ಬಿಚ್ಚಲು ಹೋದರು. ಉಗುರಿನಿಂದ ಎಳೆದರು, ಹಲ್ಲು ಕಚ್ಚಿ ಎಳೆದರು. ಜಗ್ಗಲಿಲ್ಲ. ಹೊರಗೆ ಇಬ್ಬರು ಹೆಂಗಸರು ಚಪ್ಪಲಿ ಬಿಟ್ಟು ಒಳಗೆ ಬಂದು, ಸ್ವೆಟರೆಲ್ಲಿ ಎಂದು ನೋಡುತ್ತಿದ್ದರು.

ಸೋನಮ್ ಮರಿಲಿಂಗಪ್ಪನವರ ಕೈ ಮೆಲ್ಲಗೆ ಸರಿಸಿದಳು. “ಬಿಡ್ರಿ, ಇದು ನಿಮಗ ಬರೂದಿಲ್ಲ,” ಎಂದು ಒಂದೇ ಎಳೆತಕ್ಕೆ ಬಿಚ್ಚಿದಳು.